ಅಲ್ಪವಿರಾಮನ ಪಾನಗೋಷ್ಠಿ

ರಗಳೆ ಶುರುವಾದದ್ದು ಉಪ್ಪಿನಿಂದ.

‘ಮನೆಯಲ್ಲೇ ಬೆರೆಸಿ, ಕುಡಿಯಿರಿ’ ಎಂಬ ಪುಸ್ತಕದ ಕರಡು ಆ ಬೆಳಿಗ್ಗೆ ಅಲ್ಪವಿರಾಮನ ಮೇಜಿಗೆ ಬಂದಿತ್ತು. ವರ್ಷಗಟ್ಟಲೆ ಕರಡು ತಿದ್ದಿ ತಿದ್ದಿ ಬೆನ್ನು ಬಾಗಿದ್ದರಿಂದ ಪ್ರೆಸ್ಸಿನಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ‘ರಮ್ಮು, ನಿಂಬೆರಸ, ನಾಲ್ಕು ಚಮಚ ಉಪ್ಪು’ ಎಂದಿದ್ದ ಕಡೆ ಅವನು ‘ನಾಲ್ಕು’ ಹೊಡೆದು ‘ಕಾಲು’ ಎಂದು ಬರೆದ. ಹಿಂದೆ ನಿಂತಿದ್ದ ಮ್ಯಾನೇಜರ್ ಕಣ್ಣರಳಿಸಿದರು.

“ಏನ್ರೀ, ಇಷ್ಟು ಖಚಿತವಾಗಿ ತಿದ್ದುತ್ತಿದ್ದೀರಿ! ಮನೇಲಿ ಬೆರೆಸೋ ಅಭ್ಯಾಸ ಇದೆಯೋ?”

ನಾಲ್ಕು ಚಮಚ ಉಪ್ಪು ಹಾಕಿದರೆ ಎಮ್ಮೆಯೂ ಮೂಸುವುದಿಲ್ಲ ಎನ್ನಲು ಅನುಭವವೇನೂ ಬೇಕಿರಲಿಲ್ಲ. ಆದರೆ ಮುಖ್ಯ ಕರಡು ತಿದ್ದುವವರ ಕುರ್ಚಿ ಖಾಲಿ ಬಿದ್ದಿತ್ತು, ಅದಕ್ಕೆ ಜನ ಆರಿಸುವುದು ಮ್ಯಾನೇಜರ್ ಕೈಲಿತ್ತು. ಕೆಮ್ಮಿನ ಔಷಧಿಗಿಂತ ಖಾರವಾದದ್ದನ್ನು ಗಂಟಲಿಗಿಳಿಸದ ಅಲ್ಪವಿರಾಮ, “ಏನೋ ಸಾರ್, ಆಗಾಗ...” ಎಂದುಬಿಟ್ಟ.

“ಹಾಗಾದ್ರೆ ಸಂಜೆ ನಿಮ್ಮನೇಗೇ ಬರ್ತೀನಿ. ಆ ಕುರ್ಚಿ ವಿಷಯಾನೂ ಮಾತಾಡೋಣ.”

ಅಲ್ಪವಿರಾಮನದು ಬಾಡಿಗೆ ಮನೆ. ಕೆಳಗಿನ ಮನೆಯಲ್ಲಿದ್ದ ಓನರಮ್ಮ ಬಾಡಿಗೆಗೆ ಕೊಡುವಾಗ ಹಾಕಿದ್ದ ಷರತ್ತು ಒಂದೇ: ಬಾಟಲಿ ಒಳಗೆ ಬಂದ ದಿನ ಪಾತ್ರೆಪಗಡ ಹೊರಗೆ. ಇನ್ನು ಸ್ವಂತ ಹೆಂಡತಿಯ ಮುಂದೆ ರಮ್ಮು ಇರಲಿ, ರಮ್ಮಿ ಆಟದ ಹೆಸರೆತ್ತಿದರೂ ಎರಡು ಹೊತ್ತು ಮಾತಿಲ್ಲ. ಪುಣ್ಯಕ್ಕೆ ಆ ಸಂಜೆ ಇಬ್ಬರು ಹೆಂಗಸರೂ ಒಟ್ಟಿಗೆ ಬಾಣಂತಿಯೊಬ್ಬಳನ್ನು ನೋಡಲು ಆಸ್ಪತ್ರೆಗೆ ಹೋಗಿದ್ದರು.

ಬಣ್ಣ ಬಂದರೆ ಸಾಕು, ಬಾಟಲಿ ಯಾಕೆ? ಅವನು ಬಾಣಲೆಯಲ್ಲಿ ಸಕ್ಕರೆ ಸುಟ್ಟ. ಮೊದಲ ಸಲ ಅದು ಡಾಂಬರಾಯಿತು. ಎರಡನೇ ಸಲ ರಮ್ಮಿನ ಬಣ್ಣಕ್ಕೆ ತಿರುಗಿತು. ಶುಂಠಿ ಜಜ್ಜಿ, ನಿಂಬೆ ಹಿಂಡಿ, ಸೋಡಾ ಸುರಿದು, ಎಲ್ಲವನ್ನೂ ಸ್ಟೀಲ್ ಡಬ್ಬಿಗೆ ಹಾಕಿ ಪುಸ್ತಕದಲ್ಲಿದ್ದಂತೆ ಗಡಗಡ ಅಲ್ಲಾಡಿಸಿದ. ಸೋಡಾ ಅಲ್ಲಾಡಿಸಬಾರದೆಂದು ಪುಸ್ತಕದಲ್ಲಿರಲಿಲ್ಲ. ಮುಚ್ಚಳ ಹಾರಿ ಫ್ಯಾನಿಗೆ ಬಡಿದು, ಅರ್ಧ ಪಾನೀಯ ಗೋಡೆಯ ಕ್ಯಾಲೆಂಡರಿನ ಪಾಲಾಯಿತು. ಮತ್ತೊಮ್ಮೆ ಬೆರೆಸಿ, ಐಸನ್ನು ಟವೆಲ್ಲಿನಲ್ಲಿ ಸುತ್ತಿ ಲಟ್ಟಣಿಗೆಯಿಂದ ದಬದಬ ಬಡಿದ.

ಕೆಳಗೆ ನಿದ್ದೆ ಹೋಗಿದ್ದ ಓನರ್ ತಲೆಯ ಮೇಲೆ ಸುಣ್ಣ ಉದುರಿತು. ಅವರು ಜಗಳಕ್ಕೆಂದು ಮೇಲೆ ಬಂದು, ಸಾಲಾಗಿ ನಿಂತ ಗಾಜಿನ ಲೋಟಗಳನ್ನು ನೋಡಿ ದನಿ ತಗ್ಗಿಸಿದರು.

“ಇದು... ಅದೇನಾ?”

ಅಷ್ಟರಲ್ಲಿ ಮ್ಯಾನೇಜರ್ ಬಾಗಿಲಲ್ಲಿದ್ದರು. ಅಲ್ಪವಿರಾಮ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ಬರೀ ನಕ್ಕ. ಓನರ್ ಕುರ್ಚಿ ಎಳೆದುಕೊಂಡರು.

ಮೊದಲ ಲೋಟಕ್ಕೆ ಮ್ಯಾನೇಜರ್, “ಗಂಟಲು ಸುಡ್ತಿದೆ, ಒಳ್ಳೇ ಮಾಲು” ಎಂದರು. ಶುಂಠಿ ತುಸು ಹೆಚ್ಚಾಗಿತ್ತು. ಎರಡನೆಯದಕ್ಕೆ ಟೈ ಸಡಿಲಿಸಿ ಹಾಡು ಹೇಳಿದರು. ಮೂರನೆಯದಕ್ಕೆ ಅತ್ತರು.

“ಆ ಕುರ್ಚಿ ನಿಮಗೇ ಕಣ್ರೀ! ನಮ್ಮ ಯಜಮಾನನಿಗೆ ಒತ್ತಕ್ಷರಕ್ಕೂ ಒಣಕಡ್ಡಿಗೂ ವ್ಯತ್ಯಾಸ ಗೊತ್ತಿಲ್ಲ. ತಾಳಿ, ಅವನಿಗೇ ಹೇಳ್ತೀನಿ!” ಎಂದು ಫೋನು ಎತ್ತಿ, ಅಲ್ಪವಿರಾಮ ಕಾಲು ಹಿಡಿದರೂ ಬಿಡದೆ ಪ್ರೆಸ್ಸಿನ ಯಜಮಾನರಿಗೆ ಹೇಳಿಯೇಬಿಟ್ಟರು.

ಓನರ್ ಮೇಜು ಗುದ್ದಿದರು. “ನಾನೂ ಓನರ್ ಅಂತೆ! ನನ್ನ ಮನೇಲಿ ನಾನೇ ಬಾಡಿಗೆಗಿದೀನಿ! ಅವಳು ಹೆಂಡತಿಯಲ್ಲ ಸಾರ್, ರೋಡ್ ರೋಲರ್!”

ರೋಡ್ ರೋಲರ್ ಬಾಗಿಲಲ್ಲೇ ನಿಂತಿತ್ತು. ಪಕ್ಕದಲ್ಲಿ ಅಲ್ಪವಿರಾಮನ ಹೆಂಡತಿ.

“ತಿಂಗಳ ಕೊನೇಗೆ ಮನೆ ಖಾಲಿ ಮಾಡಿ” ಎಂದರು ಓನರಮ್ಮ.

“ಅಮ್ಮಾ, ಒಂದು ತೊಟ್ಟೂ ಇಲ್ಲಮ್ಮಾ!” ಅಲ್ಪವಿರಾಮ ಗೋಗರೆದ. “ಸುಟ್ಟ ಸಕ್ಕರೆ, ಶುಂಠಿ, ನಿಂಬೆ, ಸೋಡಾ. ಆಣೆ ಮಾಡಿ ಹೇಳ್ತೀನಿ!”

ಮ್ಯಾನೇಜರ್ ಅಳು ಥಟ್ಟನೆ ನಿಂತಿತು. ಏನೂ ಇರಲಿಲ್ಲವೆಂದರೆ ಯಜಮಾನರಿಗೆ ಬೈದದ್ದು ಪೂರ್ತಿ ಎಚ್ಚರದಲ್ಲಿ! ಅವರು ಓನರ್ ಮುಖ ನೋಡಿದರು. ಓನರ್ ರೋಡ್ ರೋಲರ್ ಮುಖ ನೋಡಿದರು.

“ಇತ್ತು!” ಎಂದರು ಮ್ಯಾನೇಜರ್. “ನನ್ನ ನಾಲಿಗೆ ತೊದಲಿದ್ದು ನನಗೆ ಗೊತ್ತಿಲ್ವಾ?”

“ಶರಬತ್ತು ಅಂತ ಹೇಳಿ ಕುಡಿಸಿಬಿಟ್ಟ ಕಣೇ!” ಎಂದರು ಓನರ್.

ಅಲ್ಪವಿರಾಮನ ಹೆಂಡತಿ ಸೆರಗು ಸಿಕ್ಕಿಸಿದಳು. “ನಮ್ಮನೆಯವರು ಅಂಥೋರಲ್ಲ. ಇಲ್ಲಿ ಕೊಡಿ, ನಾನೇ ಕುಡಿದು ಹೇಳ್ತೀನಿ.”

ತುಂಬಿದ ಲೋಟ ಎತ್ತಿ ಗಟಗಟ ಮುಗಿಸಿದಳು. ಎಲ್ಲರೂ ಅವಳ ಬಾಯನ್ನೇ ನೋಡಿದರು. ಅಲ್ಪವಿರಾಮನಿಗೆ ಹೋದ ಜೀವ ಬಂದಂತಾಯಿತು.

ಅವಳು ಮ್ಯಾನೇಜರ್ ಕಡೆ ತಿರುಗಿದಳು. “ಇವರ ಬೆನ್ನು ಬಗ್ಗಿಸಿದ್ದು ಸಾಲದು ಅಂತ ಮನೇಗೂ ಬಂದ್ರಾ? ನಾಚಿಕೆ ಆಗಲ್ವಾ?” ಆಮೇಲೆ ಓನರಮ್ಮನ ಕಡೆ. “ಬಾಡಿಗೆಗೆ ಬಾಗಿಲು ಬಡೀತೀರಲ್ಲ, ಬಚ್ಚಲ ನಲ್ಲಿ ಸೋರೋದು ನಿಮ್ಮ ಕಣ್ಣಿಗೆ ಬೀಳಲ್ವಾ? ನಿಮ್ಮೆಜಮಾನರು ಹೇಳಿದ್ದು ಸುಳ್ಳೇನಲ್ಲ, ಬಿಡಿ!”

ಓನರಮ್ಮನ ಮೂಗಿನ ಹೊಳ್ಳೆಗಳು ಅರಳಿದವು. ತಾನು ಏನೆಂದೆ, ಯಾರಿಗೆಂದೆ ಎಂದು ಅಲ್ಪವಿರಾಮನ ಹೆಂಡತಿಗೆ ಆಗ ಹೊಳೆಯಿತು. ಮೆಲ್ಲಗೆ ಹಣೆ ಹಿಡಿದುಕೊಂಡು ಕುಸಿದು ಕುಳಿತಳು.

“ಅಯ್ಯೋ... ತಲೆ ತಿರುಗ್ತಿದೆಯಲ್ರೀ. ಇದಕ್ಕೆ ಏನೋ ಹಾಕಿದೀರಿ!”

“ಕುಡುಕರಿಗೆ ಆ ಕುರ್ಚಿ ಕೊಡೋಕಾಗಲ್ಲ” ಎಂದು ಮ್ಯಾನೇಜರ್, ಎಲ್ಲರಿಗೂ ಕಾಣುವಂತೆ ತೂರಾಡುತ್ತ ಮೆಟ್ಟಿಲಿಳಿದರು. ಓನರಮ್ಮ ಗಂಡನನ್ನು ತೋಳು ಹಿಡಿದು ಎಳೆದೊಯ್ದರು. ಹೆಂಡತಿ ಬಾಗಿಲು ಹಾಕಿಕೊಂಡು ಮಲಗಿದಳು.

ಅಲ್ಪವಿರಾಮ ಅಡುಗೆಮನೆಯಲ್ಲಿ ಒಂಟಿಯಾಗಿ ನಿಂತು, ಡಬ್ಬಿಯ ತಳದಲ್ಲಿ ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ ಒಂದೇ ಗುಟುಕಿಗೆ ಕುಡಿದ. ಗೋಡೆಗೊರಗಿ ಕಣ್ಣು ಮುಚ್ಚಿ ಕಾದ. ಎಷ್ಟೋ ಹೊತ್ತು ಕಾದ.

ಎಲ್ಲರಿಗೂ ಏರಿದ್ದು ಅವನೊಬ್ಬನಿಗೆ ಏರಲಿಲ್ಲ.