ಎಂಬಿ ತೂಗಿ ಚಿತ್ರ ಕೊಂಡವರು

ಹಾನಗಲ್ಲಿನಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಬೋರ್ಡು ಮಾಡಿಸಲು ಬಂದ ಗಿರಾಕಿಗಳು ನನ್ನನ್ನು ಬೆರಗುಗೊಳಿಸದೆ ಹೋದ ವಾರವೇ ಇಲ್ಲ. ನಾನು ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಕಲಿತವಳು. ಗೆರೆ ಸೊಟ್ಟಗಿದ್ದರೆ, ಚಿತ್ರ ಮಸುಕಾಗಿದ್ದರೆ ಅಂಗಡಿಯಿಂದ ಹೊರಗೆ ಬಿಡುವುದಿಲ್ಲ. ಚಿತ್ರಗಳನ್ನು ಇಂಟರ್‌ನೆಟ್ಟಿನ ಮಾರಾಟ ತಾಣದಿಂದಲೇ ಕೊಳ್ಳುತ್ತೇನೆ. ಅಲ್ಲಿ ಬದಿಯಲ್ಲಿ ಫೈಲು ಎಷ್ಟು ಎಂಬಿ ಇರಬೇಕೆಂದು ಆರಿಸಬಹುದು. ಚೀಟಿಗೆ ಸಣ್ಣ ಫೈಲು ಸಾಕು, ದೊಡ್ಡ ಬೋರ್ಡಿಗೆ ದೊಡ್ಡದೇ ಬೇಕು. ನಿಯಮ ಇಷ್ಟೇ. ನಮ್ಮವರು ಅದನ್ನು ಬಳಸುವ ರೀತಿಯನ್ನು ಮಾತ್ರ ಯಾವ ಸಿಸ್ಟರೂ ನನಗೆ ಕಲಿಸಿರಲಿಲ್ಲ.

೧. ಬೇರೆ ಮುಖ

ಮೊನ್ನೆ ಶಿಗ್ಗಾವಿಯಿಂದ ಹೆಣ್ಣುಮಗಳೊಬ್ಬಳು ಬಂದಳು. ಮರುದಿನವೇ ಅವಳ ಬ್ಯೂಟಿ ಪಾರ್ಲರಿನ ಆರಂಭ. ಎದುರಿಗೇ ಅವಳ ಮೈದುನನ ಹೆಂಡತಿಯ ಪಾರ್ಲರ್.

"ನಾ ಏನ ಮಾಡಿದ್ರೂ ನಮ್ಮ ನೆಗೆಣ್ಣಿ ಕಾಪಿ ಹೊಡೀತಾಳ್ರಿ ಅಕ್ಕಾರ. ಯಾರ ಬೋರ್ಡಿನ್ಯಾಗೂ ಇಲ್ಲದ ಮದುಮಗಳು ಬೇಕ್ರಿ. ಇಲ್ಲಾಂದ್ರ ಮಂದಿ ಅದೂ ಇದೂ ಒಂದ ಅಂತ ಆಕಿ ಅಂಗಡಿಗೇ ಹೊಕ್ತಾರ."

ಮೊದಲ ಚಿತ್ರ ತೋರಿಸಿದೆ. "ಈಕಿ ಹಾವೇರ್ಯಾಗ ಅದಾಳ್ರಿ." ಎರಡನೆಯದು. "ಈಕಿ ಸವಣೂರಾಗ." ಮೂರನೆಯದನ್ನು ನೋಡಿ ಕೆಂಡವಾದಳು.

"ಈಕೀನ ನೋಡ್ರಿ ನಮ್ಮ ನೆಗೆಣ್ಣಿ ಬೋರ್ಡಿನ್ಯಾಗಿರಾಕಿ!"

೨. ಹಗುರ ಎಲೆ

ಅವಳು ಯೋಚಿಸುತ್ತ ಕೂತಿದ್ದಾಗ ಸವಣೂರಿನ ವೀಳ್ಯದೆಲೆ ವ್ಯಾಪಾರಿ ಬಂದರು. ಎಲೆ ಪೆಂಡಿಗೆ ಅಂಟಿಸುವ ಚೀಟಿಗೆ ಚಿತ್ರ ಬೇಕಿತ್ತು.

"ಎಲ್ಲಾದ್ರಾಗ ಸಣ್ಣ ಎಂಬಿ ಒತ್ರಿ," ಎಂದರು. ಚೀಟಿಯ ಅಳತೆ ತಿಳಿದು ಹೇಳಿದರೆಂದು ಮೆಚ್ಚಿದೆ.

"ಹಂಗಲ್ರಿ. ಎಳೀ ಎಲಿ ಹಗುರ, ಬಲತ ಎಲಿ ತೂಕ. ನಮ್ಮ ಗಿರಾಕಿಗೆ ಎಳೀದ ಬೇಕು."

ಫೈಲಿನ ಭಾರಕ್ಕೂ ಎಲೆಯ ಭಾರಕ್ಕೂ ಸಂಬಂಧವಿಲ್ಲವೆಂದು ತೋರಿಸಲು ಸಣ್ಣದನ್ನೂ ದೊಡ್ಡದನ್ನೂ ಪಕ್ಕಪಕ್ಕ ತೆರೆದೆ. ಸಣ್ಣದರಲ್ಲಿ ಬಿಳಿ ಹಿನ್ನೆಲೆಯ ಮೇಲೆ ಒಂದೇ ಎಲೆ, ಚುಕ್ಕೆಯಿಲ್ಲ, ತೂತಿಲ್ಲ. ದೊಡ್ಡದರಲ್ಲಿ ಎಲೆ ತುಂಬ ನರ, ಹನಿ, ತೂತು, ಅಂಚಿನಲ್ಲೊಂದು ಹುಳ.

ಅವರು ಕನ್ನಡಕ ಸರಿಪಡಿಸಿಕೊಂಡರು. "ನೋಡ್ರಿ, ಹುಳಾನೂ ಕೂಡೇ ತೂಗ್ಯಾರ."

೩. ತೆನೆ ತುಂಬುವ ಹೊತ್ತು

ಅವರ ಹಿಂದೆಯೇ ಚಿಕ್ಕೇರೂರಿನ ಬೀಜದ ಅಂಗಡಿಯವರು. ಗೋವಿನಜೋಳದ ತೆನೆಯ ದೊಡ್ಡ ಬೋರ್ಡು ಬೇಕು, ಎಲ್ಲಕ್ಕಿಂತ ತೂಕದ್ದೇ ಬೇಕು. ಡೌನ್‌ಲೋಡ್ ಶುರುವಾಯಿತು, ಇರುವೆಯ ಹಾಗೆ ತೆವಳಿತು. ತಡವೆಂದರೆ ನನಗಾಗದು. ಕ್ಷಮೆ ಕೇಳಿದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. "ಅವಸರ ಮಾಡಬ್ಯಾಡ್ರಿ ಅಕ್ಕಾರ. ತೆನಿ ಈಗ ಕಾಳ ಕಟ್ಟಾಕತ್ತೈತಿ."

೪. ಎತ್ತಲಾಗದ ಮದುಮಗಳು

ತೆನೆ ತೆರೆದಾಗ ಅದರ ಒಂದೊಂದು ಕೂದಲೂ ಕಾಣುತ್ತಿತ್ತು. ಎಲ್ಲರೂ ಬೆರಗಾಗಿ ನೋಡಿದೆವು. ಶಿಗ್ಗಾವಿಯವಳು ಮಾತ್ರ ಬೇರೆಯೇ ಕೇಳಿದಳು: "ಇಷ್ಟ ದೊಡ್ಡ ಫೈಲು ಹಳೇ ಕಂಪ್ಯೂಟರ್‌ನ್ಯಾಗ ತೆಗಿಯಾಕ ಬರತೈತೇನ್ರಿ?"

"ಇಲ್ಲ. ನಿಂತುಹೋಗುತ್ತದೆ."

"ನಮ್ಮ ನೆಗೆಣ್ಣಿ ಬೋರ್ಡ್ ಮಾಡಿಸೋ ಅಂಗಡ್ಯಾಗ ಹಳೇದ ಐತ್ರಿ. ಎಲ್ಲಾಕಿನ್ನ ದೊಡ್ಡ ಮದುಮಗಳನ್ನ ತಗೀರಿ!"

ಕಳ್ಳರಿಗೆ ಹೆದರಿ ಬೀಗ ಹಾಕುವುದನ್ನು ಕಂಡಿದ್ದೆ. ವಸ್ತುವನ್ನೇ ಎತ್ತಲಾಗದಷ್ಟು ಭಾರ ಮಾಡುವ ಉಪಾಯ ಕಂಡಿರಲಿಲ್ಲ.

ಮರುದಿನ ಬೋರ್ಡು ಏರಿಸುವಾಗ ನಾನೇ ಶಿಗ್ಗಾವಿಗೆ ಹೋಗಿ ನಿಂತೆ. ಬಾಗಿಲಿನಷ್ಟು ಎತ್ತರದ ಮುಖ. ಬಿಸಿಲು ಬಿತ್ತು. ಮುತ್ತಿನ ಹೊಳಪು, ಒಂದೊಂದೇ ರೆಪ್ಪೆಗೂದಲು, ಮತ್ತು ಮೇಲ್ದುಟಿಯ ಮೇಲೆ ತೆಳ್ಳಗೆ, ಸ್ಪಷ್ಟವಾಗಿ, ಮೀಸೆ. ಪರದೆಯಲ್ಲಿ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಎದುರಿನ ಬಾಗಿಲಿನಿಂದ ನೆಗೆಣ್ಣಿ ಕೂಗಿದಳು: "ಅಕ್ಕಾ, ನಿನ್ನ ಮದುಮಗಳಿಗೆ ಮೀಸಿ ಬಂದಾವಲ್ಲ!"

ಕೆಳಗೆ ಸೇರಿದ್ದ ಜನ ಗೊಳ್ಳೆಂದರು. "ಇಳಿಸಿ, ಬೇರೆ ಮಾಡಿಕೊಡುತ್ತೇನೆ," ಎಂದೆ.

ನನ್ನ ಗಿರಾಕಿ ತಲೆಯೆತ್ತಿ ಬೋರ್ಡು ನೋಡಿದಳು. "ಬ್ಯಾಡ್ರಿ. ಕೆಳಗ ಒಂದ ಸಾಲು ಹಚ್ಚಿಕೊಡ್ರಿ: ನಿಮಗೂ ಅದಾವೇನ ನೋಡ್ಕೊಳ್ರಿ, ಇಲ್ಲಿ ತಗೀತೇವಿ."

ಆ ಸಾಲು ಹಚ್ಚಿದ್ದೇ ತಡ, ಬೋರ್ಡು ಓದಿದ ಹೆಣ್ಣುಮಕ್ಕಳ ಕೈ ಮೊದಲು ತಮ್ಮ ಮೇಲ್ದುಟಿಗೆ ಹೋಯಿತು, ಆಮೇಲೆ ಕಾಲು ಪಾರ್ಲರಿನ ಒಳಗೆ. ಎದುರಿನ ನೆಗೆಣ್ಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು; ನಗು ತಡೆಯಲಿಕ್ಕಂತೂ ಅಲ್ಲ.

ನನ್ನ ಗಿರಾಕಿಯ ಬುದ್ಧಿಗೆ ಶಹಬ್ಬಾಸ್ ಹೇಳಿ ಹೊರಡೋಣವೆಂದು ನಾನೂ ಒಳಗೆ ಹೋದೆ. ಕೂದಲು ಕೀಳುವ ದಾರವನ್ನು ಕೈಯಲ್ಲಿ ಹಿಡಿದಿದ್ದ ಅವಳು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಕುಂದರ್ರಿ ಅಕ್ಕಾರ. ಇವರದಾದ ಮ್ಯಾಲೆ ನಿಮ್ಮ ಪಾಳಿ."