ಸಾಹೇಬರ ಜೇಕು

ನಾನು ಗುಮಾಸ್ತನಾದದ್ದು ಯಾವ ದೊಡ್ಡ ಆಸೆಯಿಂದಲೂ ಅಲ್ಲ, ಕಳೆ ಕೀಳುವುದನ್ನು ತಪ್ಪಿಸಿಕೊಳ್ಳಲು. ಈ ಮಾತನ್ನು ನಮ್ಮ ತಂದೆಯವರಿಗೆ ಕೊನೆಯವರೆಗೂ ಹೇಳಲಿಲ್ಲ. ಮಗನಿಗೆ ವಿದ್ಯೆಯ ಮೇಲೆ ಪ್ರೀತಿ ಎಂದೇ ಅವರು ನಂಬಿದ್ದರು. ಬಸರಾಳಿನ ನಮ್ಮ ಗದ್ದೆಯಲ್ಲಿ ಎಷ್ಟು ಕಿತ್ತರೂ ಮುಗಿಯದೆ ಇದ್ದದ್ದು ಜೇಕು. ಭತ್ತಕ್ಕೆ ಹಾಕಿದ ಗೊಬ್ಬರ ತಿಂದು ಭತ್ತಕ್ಕಿಂತ ಎತ್ತರಕ್ಕೆ ಬೆಳೆಯುವ ಹುಲ್ಲು ಅದು. ಮೂರು ಮೂಲೆಯ ಕಾಂಡ, ತುದಿಯಲ್ಲಿ ಕೊಡೆ ಬಿಚ್ಚಿದ ಹಾಗೆ ಎಲೆ. ಒಂದು ಸಾಲು ಕಿತ್ತು ಸೊಂಟ ಹಿಡಿದುಕೊಂಡು ನೆಟ್ಟಗಾಗುವಷ್ಟರಲ್ಲಿ ಹಿಂದಿನ ಸಾಲು ಚಿಗುರಿರುತ್ತಿತ್ತು. ಹೀಗಾಗಿ ಮಂಡ್ಯದ ಕಚೇರಿಯಲ್ಲಿ ಕುರ್ಚಿ ಸಿಕ್ಕಿದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಬೆನ್ನು ಒರಗಿಸಿ ಕೂತದ್ದು.

ನಮ್ಮ ಸಾಹೇಬರು ಇಂಜಿನಿಯರು, ಗದ್ದೆಯನ್ನು ರೈಲಿನ ಕಿಟಕಿಯಿಂದ ನೋಡಿದ್ದವರು. ಅವರ ಬಂಗಲೆಯ ವರಾಂಡದಲ್ಲಿ ನಾಲ್ಕು ಪಿಂಗಾಣಿ ಕುಂಡಗಳಿದ್ದವು. ಬೆಂಗಳೂರಿನಿಂದ ಮಡಿಲಲ್ಲಿಟ್ಟುಕೊಂಡು ತಂದ ‘ಅಂಬ್ರೆಲಾ ಗ್ರಾಸ್’ ಎಂದು ಒಂದು ದಿನ ನನಗೆ ತೋರಿಸಿದರು. ನೋಡಿದರೆ ಜೇಕು. ಸ್ವಲ್ಪ ದೊಡ್ಡ ಮನೆತನದ್ದು ಇರಬಹುದು, ಆದರೆ ಜೇಕೇ. ನನ್ನ ಕೈ ತಾನಾಗಿ ಬುಡದ ಕಡೆಗೆ ಹೋಯಿತು. ತಕ್ಷಣ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೆ. ಸಾಹೇಬರು ಅದನ್ನು ವಿನಯ ಎಂದು ತಿಳಿದರು.

ಆ ವಿನಯದ ಫಲವಾಗಿ, ಅವರು ರಜೆಯ ಮೇಲೆ ಊರಿಗೆ ಹೊರಟಾಗ ನಾಲ್ಕು ಕುಂಡಗಳೂ ನಮ್ಮ ಮನೆಯ ಅಂಗಳಕ್ಕೆ ಬಂದವು. ಕುಂಡದ ಕೆಳಗಿನ ತಟ್ಟೆಯಲ್ಲಿ ಸದಾ ನೀರು ನಿಂತಿರಬೇಕು, ಎಳೆಬಿಸಿಲು ಬೀಳಬೇಕು, ಹಳದಿಯಾದ ಕಡ್ಡಿಗಳನ್ನು ಕತ್ತರಿಯಿಂದ ಕತ್ತರಿಸಬೇಕು. ಎಲ್ಲದಕ್ಕೂ ತಲೆಯಾಡಿಸಿದೆ. ಆಡಿಸದೆ ಗತಿ ಇರಲಿಲ್ಲ. ಅವರು ಬಂದ ಮೇಲೆ ನಮ್ಮ ಗುಮಾಸ್ತರಲ್ಲಿ ಒಬ್ಬನನ್ನು ದೂರದ ಮಳವಳ್ಳಿಗೆ ವರ್ಗ ಮಾಡುವುದಿತ್ತು. ನನ್ನ ಹೆಂಡತಿ ತುಂಬಿದ ಬಸುರಿ. ಅವಳ ತವರು ಕೊತ್ತತ್ತಿ ಪಕ್ಕದಲ್ಲೇ ಇತ್ತು. ಹೆರಿಗೆಯ ಹೊತ್ತಿಗೆ ಅವಳನ್ನು ಅಲ್ಲಿ ಬಿಟ್ಟು ನಾನು ಮಳವಳ್ಳಿಯಲ್ಲಿ ಕೂರುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ. ಅಂತೂ ಜೇಕಿಗೆ ನೀರು ಹಾಕಿದೆ. ನಮ್ಮ ವಂಶದಲ್ಲಿ ಯಾರೂ ಮಾಡದ ಕೆಲಸ.

ಹೀಗಿರುವಾಗ ಮಗಳನ್ನು ನೋಡಲು ನಮ್ಮ ಮಾವನವರು ಬಂದರು. ಅವರ ಗದ್ದೆಯಲ್ಲಿ ಹುಡುಕಿದರೂ ಒಂದು ಕಳೆ ಸಿಕ್ಕುವುದಿಲ್ಲ ಎಂದು ಕೊತ್ತತ್ತಿಯಲ್ಲಿ ಹೆಸರು. ಆ ಹೆಸರನ್ನು ಹೆಚ್ಚಾಗಿ ಅವರೇ ಹೇಳುತ್ತಿದ್ದರು. ನಾನು ಕಚೇರಿಯಿಂದ ಬಂದಾಗ ಅವರು ಜಗುಲಿಯ ಮೇಲೆ ಕೈ ತೊಳೆದು ಕೂತಿದ್ದರು. ನಾಲ್ಕು ಕುಂಡಗಳಲ್ಲೂ ಮೆಣಸಿನ ಸಸಿ. ಪಕ್ಕದ ಮನೆಯ ಎಮ್ಮೆ ಏನನ್ನೋ ತೃಪ್ತಿಯಿಂದ ಮೆಲುಕು ಹಾಕುತ್ತಿತ್ತು.

“ಅಲ್ಲಾ ಅಳಿಯಂದ್ರೆ, ಬಾಗ್ಲಲ್ಲೇ ಜೇಕು ಬೆಳಸ್ಕೊಂಡು ಕೂತವ್ರೆ ಅಂತ ಜನ ಆಡ್ಕೊಳಾಕಿಲ್ವಾ? ಬ್ಯಾರು ಸಮೇತ ಕಿತ್ತಾಕಿವ್ನಿ. ಇನ್ನು ಉಟ್ಟಿದ್ರೆ ನನ್ನ ಕೇಳಿ.”

ಒಳಗಿನಿಂದ ಬಂದ ನನ್ನ ಹೆಂಡತಿ ಕುಂಡ ನೋಡಿದಳು, ನನ್ನ ಮುಖ ನೋಡಿದಳು, “ಅಯ್ಯೋ ಅಪ್ಪಾ, ಅದು ಸಾಯೇಬ್ರದು ಕಣಪ್ಪ!” ಎಂದು ಅಳುತ್ತಾ ಮಳವಳ್ಳಿಯ ವಿಷಯವನ್ನೆಲ್ಲ ಹೇಳಿದಳು. ಮಾವನವರು ಮಾತಾಡದೆ ಊಟ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಚಿಗುರುತ್ತದೆ ಎಂದು ಕಾದೆ. ಜೇಕು ಚಿಗುರಲಿ ಎಂದು ದೇವರಿಗೆ ಕೈ ಮುಗಿದ ಮನುಷ್ಯ ಮಂಡ್ಯದ ನಾಲೆಯ ಬಯಲಿನಲ್ಲಿ ನಾನೊಬ್ಬನೇ ಇರಬೇಕು. ಆದರೆ ಮಾವನವರ ಕೈ ಪಳಗಿದ್ದು, ಬೇರಿನ ಒಂದು ಎಳೆಯೂ ಉಳಿದಿರಲಿಲ್ಲ. ಕೊನೆಗೆ ಸೈಕಲ್ ಹತ್ತಿ ಹತ್ತಿರದ ಹೊಳಲು ಹಳ್ಳಿಯ ಕಡೆಗೆ ಹೋದೆ. ಗದ್ದೆಯ ಬದುವಿನ ಮೇಲೆ ನಿಂತು ರೈತನನ್ನು “ನಿಮ್ಮಲ್ಲಿ ಜೇಕು ಇದೆಯೇ?” ಎಂದು ಕೇಳುವುದು, ಮನೆಯ ಯಜಮಾನಿಯನ್ನು ನಿಮ್ಮ ತಲೆಯಲ್ಲಿ ಹೇನಿದೆಯೇ ಎಂದು ಕೇಳಿದ ಹಾಗೆ ಎನ್ನುವುದು ಬಾಯಿ ಬಿಟ್ಟ ಮೇಲೆ ಹೊಳೆಯಿತು.

“ನನ್ ಗದ್ದೇಲಿ ಜೇಕಾ? ಯಾವೋನ್ ಏಳ್ದ ನಿಮ್ಗೆ? ಬೇಕಾದ್ರೆ ಆ ಪಕ್ಕದೋನ್ ಗದ್ದೆ ನೋಡೋಗಿ!” ಎಂದ ಮೊದಲನೆಯವನು. ಪಕ್ಕದವನು ಇವನ ಗದ್ದೆಯನ್ನೇ ತೋರಿಸಿದ. ಮೂರನೆಯವನು ನನ್ನ ಕೋಟು ಟೋಪಿ ನೋಡಿ ಗಾಬರಿಯಾದ. “ಏನ್ ಸ್ವಾಮಿ, ಭತ್ತಕ್ ಆಕಿದ್ ಲೆವಿ ಸಾಲ್ದು ಅಂತ ಜೇಕಿಗೂ ಆಕ್ತಾರಾ?” ಯುದ್ಧದ ಕಾಲ, ಸರ್ಕಾರ ಲೆವಿ ಎಂದು ರೈತರಿಂದ ಭತ್ತ ವಸೂಲಿ ಮಾಡುತ್ತಿತ್ತು. ಜೇಕಿಗೆ ಹಾಕುವುದಿಲ್ಲ ಎಂದು ಧೈರ್ಯವಾಗಿ ಹೇಳಲು ನನಗೂ ಆಗಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದೆ.

ಸಾಹೇಬರು ಬರುವ ಹಿಂದಿನ ಸಂಜೆ ಊರಿಗೆ ಹೋಗಿದ್ದ ಮಾವನವರು, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಿಂದ ಇಳಿದು ಬಂದರು. ಮುಖವೆಲ್ಲ ಮಸಿ, ತಲೆಯ ಮೇಲೊಂದು ಬಿದಿರಿನ ಮಂಕರಿ. ಮೇಲೆ ಸೊಪ್ಪು ಮುಚ್ಚಿತ್ತು. ಬಾಗಿಲು ಹಾಕಿಸಿ ಸೊಪ್ಪು ಸರಿಸಿದರು. ಸೊಂಪಾದ ಜೇಕು, ಬುಡದಲ್ಲಿ ಹಸಿ ಮಣ್ಣಿನ ಸಮೇತ.

“ಎಲ್ಲಿ ಸಿಕ್ತು ಮಾವ?”

ಅವರು ಗೋಡೆ ನೋಡುತ್ತಾ ಹೇಳಿದರು. “ನಮ್ದೇ. ಕೆಳಗಲ್ ಗದ್ದೆ ಮೂಲೇಲಿ ಐತೆ. ಎಷ್ಟ್ ಕಿತ್ರೂ ಓಗಾಕಿಲ್ಲ. ನಿಮ್ಮತ್ತೆಗೂ ಗೊತ್ತಿಲ್ಲ. ಯಾರ್ಗೂ ಏಳ್ಬ್ಯಾಡಿ, ನಿಮ್ ದಮ್ಮಯ್ಯ.”

ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ಮಾನವನ್ನು ಮಗಳಿಗಾಗಿ ಮಂಕರಿಯಲ್ಲಿ ಹೊತ್ತು ತಂದಿದ್ದರು. ಇಬ್ಬರೂ ಕೂತು ಜೇಕು ನೆಟ್ಟೆವು. ಮೆಣಸಿನ ಸಸಿಗಳನ್ನು ಬಿಸಾಡಲು ಮನಸ್ಸು ಬಾರದೆ ನನ್ನ ಹೆಂಡತಿ ಬೇಲಿಯ ಬದಿಗೆ ನೆಟ್ಟಳು.

ಸಾಹೇಬರು ಬಂದು ಕುಂಡಗಳ ಸುತ್ತ ಎರಡು ಸಲ ನಡೆದರು. ನಾನು ಕೈ ಹಿಂದೆ ಕಟ್ಟಿ ನಿಂತಿದ್ದೆ, ಈ ಸಲ ಉಗುರಿನ ಮಣ್ಣು ಮುಚ್ಚಿಕೊಳ್ಳಲು. “ನನ್ನ ಹತ್ತಿರ ಸೊರಗಿದ್ದವು. ನಿಮ್ಮ ಕೈಗುಣವೇ ಬೇರೆ,” ಎಂದರು. ಇಂಥವನನ್ನು ಮಳವಳ್ಳಿಗೆ ಕಳಿಸುವುದುಂಟೇ? ಬದಲಿಗೆ ಕಚೇರಿಯ ಸುತ್ತಲೂ ಜೇಕು ಬೆಳೆಸುವ ಭಾರ ನನ್ನ ಮೇಲೆ ಬಿತ್ತು, ಅದಕ್ಕೆ ನಮ್ಮ ಅಂಗಳವೇ ಸಸಿಮಡಿಯಾಯಿತು.

ಮಗಳು ಹುಟ್ಟಿದಳು. ಬೇಲಿಯ ಮೆಣಸಿನ ಗಿಡಗಳು ಹಣ್ಣಾಗಿ, ಹಕ್ಕಿ ತಿಂದು, ಬೀಜ ಎಲ್ಲೆಂದರಲ್ಲಿ ಬಿದ್ದು, ಜೇಕಿನ ನಡುವೆ ಮೆಣಸಿನ ಸಸಿಗಳು ಎದ್ದವು. ಪ್ರತಿ ಭಾನುವಾರ ಬೆಳಿಗ್ಗೆ ನಾನು ಪಂಚೆ ಎತ್ತಿ ಕಟ್ಟಿ, ಸೊಂಟ ಬಗ್ಗಿಸಿ ಅವನ್ನು ಕೀಳುತ್ತಿದ್ದೆ. ಮಾವನವರು ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯಿಂದ ನೋಡುತ್ತಿದ್ದರು. ಎಷ್ಟೋ ಹೊತ್ತು ತಡೆದುಕೊಂಡು ಕೊನೆಗೆ ಹೇಳಿದರು. “ಅಂಗಲ್ಲ ಅಳಿಯಂದ್ರೆ, ಬುಡ ಇಡ್ಕೊಂಡು ಕೀಳಿ. ಇಲ್ದಿದ್ರೆ ಮತ್ತೆ ಚಿಗುರಿ ಮೆಣಸಿನಕಾಯಿ ಬುಟ್ಟಾತು.”

ನಾನು ಬುಡ ಹಿಡಿದುಕೊಂಡು ಕಿತ್ತೆ.