ಯಳಂದೂರಿಗೆ ಹೋಗಿಬಂದ ಬಾಗಿಲು

ಅಧಿಕಾರ ಕೊಡಿ ಎಂದು ಕೇಳುವುದರಲ್ಲಿ ಒಂದು ಸುಖವಿದೆ. ಅದು ಸಿಗುವವರೆಗೆ ಮಾತ್ರ ಇರುವ ಸುಖ. ಇದು ನನಗೆ ಅರ್ಥವಾಗಲು ಇಪ್ಪತ್ತೆರಡು ವರ್ಷದ ಮೇಷ್ಟರ ಕೆಲಸ ಮತ್ತು ಒಂದು ತಗಡಿನ ಬಾಗಿಲು ಬೇಕಾದವು. ರಾಮಾಪುರದಿಂದ ಇನ್ನೂ ಒಳಕ್ಕೆ, ಕಾಡಂಚಿನಲ್ಲಿರುವ ಒಂದು ಸರ್ಕಾರಿ ಶಾಲೆಗೆ ನಾನು ಮುಖ್ಯೋಪಾಧ್ಯಾಯ. ಮನೆ ಇರುವುದು ಕೊಳ್ಳೇಗಾಲದಲ್ಲಿ. ಮುಖ್ಯೋಪಾಧ್ಯಾಯರ ಸಭೆ ನಡೆದಾಗಲೆಲ್ಲ ಎದ್ದು ನಿಂತು ಭಾಷಣ ಬಿಗಿಯುವವನು ನಾನೇ. "ನಮ್ಮ ಶಾಲೆಗೆ ಏನು ಬೇಕು ಅಂತ ನಮಗೆ ಗೊತ್ತು ಸಾರ್. ದುಡ್ಡು ನಮ್ಮ ಕೈಗೆ ಕೊಡಿ, ನಿರ್ಧಾರ ನಮಗೆ ಬಿಡಿ, ಆಮೇಲೆ ನೋಡಿ!" ಎಲ್ಲಿ ದನಿ ಇಳಿಸಬೇಕು, ಎಲ್ಲಿ ಮೇಜು ಕುಟ್ಟಬೇಕು ಎನ್ನುವುದೆಲ್ಲ ವರ್ಷಗಳಿಂದ ಪಳಗಿಹೋಗಿತ್ತು. ಸಹೋದ್ಯೋಗಿಗಳು ಚಪ್ಪಾಳೆ ತಟ್ಟುತ್ತಿದ್ದರು, ಅಧಿಕಾರಿಗಳು ಬರೆದುಕೊಳ್ಳುವಂತೆ ಮಾಡುತ್ತಿದ್ದರು, ಆಮೇಲೆ ಟೀ ಬರುತ್ತಿತ್ತು. ಯಾರಿಗೂ ಯಾವ ತೊಂದರೆಯೂ ಇರಲಿಲ್ಲ.

ನಾನು ಹೇಳುತ್ತಿದ್ದುದು ಸುಳ್ಳೇನಲ್ಲ. ಆಗೆಲ್ಲ ಶಾಲೆಗೆ ಬೇಕಾದದ್ದನ್ನು ಮೇಲಿನವರೇ ಕೊಂಡು ಕಳಿಸುತ್ತಿದ್ದರು. ಒಮ್ಮೆ ಮಕ್ಕಳು ಕೂರಲು ಚಾಪೆ ಬೇಕೆಂದು ಬರೆದೆ. ಆರು ತಿಂಗಳಾದ ಮೇಲೆ ಒಂದು ವಾಲಿಬಾಲ್ ನೆಟ್ಟು ಬಂತು. ಚೆಂಡು ಬರಲಿಲ್ಲ, ಕಂಬ ಬರಲಿಲ್ಲ, ನಮ್ಮ ಶಾಲೆಗೆ ಮೈದಾನವಂತೂ ಮೊದಲೇ ಇರಲಿಲ್ಲ. ಬಿಸಿಯೂಟದ ಅಡುಗೆಯಮ್ಮ ಆ ನೆಟ್ಟನ್ನು ಕೋತಿಗಳಿಂದ ಟೊಮೆಟೊ ಗಿಡ ಕಾಯಲು ಕಟ್ಟಿದರು. ನೆಟ್ಟು ಉಪಯೋಗದಲ್ಲಿದೆಯೇ ಎಂದು ಮೇಲಿನಿಂದ ಫಾರಂ ಬಂದಾಗ, ಇದೆ, ತುಂಬಾ ಉಪಯೋಗವಾಗಿದೆ ಎಂದು ನಾನು ಪ್ರಾಮಾಣಿಕವಾಗಿಯೇ ಬರೆದೆ.

ಹೀಗಿರುವಾಗ ಕಳೆದ ವರ್ಷ ನಿಜವಾಗಿಯೂ ಸುತ್ತೋಲೆ ಬಂದೇ ಬಿಟ್ಟಿತು. ಇನ್ನು ಮುಂದೆ ಅನುದಾನ ನೇರವಾಗಿ ಶಾಲೆಗೇ ಬರುತ್ತದೆ, ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿ ಎಂಬ ಪೋಷಕರ ಸಮಿತಿಯ ಅಧ್ಯಕ್ಷರು ಸೇರಿ ಶಾಲಾ ಹಂತದಲ್ಲೇ ಸ್ವತಂತ್ರವಾಗಿ ತೀರ್ಮಾನಿಸಿ ಖರ್ಚು ಮಾಡಬಹುದು ಎಂದು ಅರ್ಧ ಪುಟದಲ್ಲಿತ್ತು. ಸ್ವತಂತ್ರವಾಗಿ ಎಂದರೆ ಹೇಗೆ ಎನ್ನುವ ಷರತ್ತುಗಳು ಹನ್ನೊಂದು ಪುಟ ಇದ್ದವು. ನಾನು ಮೊದಲ ಅರ್ಧ ಪುಟವನ್ನಷ್ಟೇ ಹೆಂಡತಿಗೆ ಓದಿ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ, "ಸಂತೆಗೆ ಕಳಿಸಿದ್ರೆ ದಂಟಿನ ಸೊಪ್ಪು ತರ್ಲಾ, ಕೀರೆ ಸೊಪ್ಪು ತರ್ಲಾ ಅಂತ ಎರಡು ಸಲ ಫೋನ್ ಮಾಡ್ತೀರಿ. ನಿಮ್ ಕೈಗೆ ಸ್ಕೂಲ್ ಕೊಟ್ಟವ್ರಾ?" ಎಂದಳು. ಹೆಂಡತಿಯ ಮಾತನ್ನು ನಾನು ಸಾಮಾನ್ಯವಾಗಿ ತಡವಾಗಿ ಒಪ್ಪುತ್ತೇನೆ. ಅವತ್ತೂ ಒಪ್ಪಲಿಲ್ಲ.

ನಮ್ಮ ಎಸ್‌ಡಿಎಂಸಿ ಅಧ್ಯಕ್ಷೆ ಮಹದೇವಮ್ಮ. ಕೂಲಿಗೆ ಹೋಗುವ ಹೆಂಗಸು, ಏಳನೇ ತರಗತಿಯ ಸೌಮ್ಯಳ ತಾಯಿ. ಅಲ್ಲಿಯವರೆಗೆ ಅಧ್ಯಕ್ಷೆ ಎಂದರೆ ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಮಾಡುವವರು ಎಂದೇ ನಾನು ತಿಳಿದಿದ್ದೆ. ಅವರಿಗೂ ಬೇರೇನನ್ನೂ ತಿಳಿಸಿರಲಿಲ್ಲ. ಹೊಸ ಅಧಿಕಾರದ ಮೊದಲ ಸಭೆಗೆ ಹತ್ತು ವಿಷಯಗಳ ಪಟ್ಟಿ ಮಾಡಿಕೊಂಡು, ಎರಡು ಗಂಟೆಯ ಚರ್ಚೆಗೆ ತಯಾರಾಗಿ ಹೋದೆ. "ನೋಡಿ ಮಹದೇವಮ್ಮ, ಇನ್ನು ಅಧಿಕಾರವೆಲ್ಲ ನಮ್ಮ ಕೈಗೇ ಬಂದಿದೆ" ಎಂದು ಪೀಠಿಕೆ ಹಾಕಿದೆ. ಅವರು ಅಲ್ಲಿಗೇ ಮುಗಿಸಿಬಿಟ್ಟರು.

"ಅಂಗಾರೆ ಎಣ್ಣೈಕ್ಳ ಕಕ್ಕಸ್ಗೆ ಬಾಗ್ಲಾಕ್ಸಿ ಸಾ. ಇನ್ನೇನದೆ ಮಾತಾಡಕೆ?"

ನಿಜಕ್ಕೂ ಇನ್ನೇನೂ ಇರಲಿಲ್ಲ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ತುಕ್ಕು ಹಿಡಿದು ಬಿದ್ದುಹೋಗಿತ್ತು. ಚಿಕ್ಕ ಹುಡುಗಿಯರು ಒಬ್ಬರಿಗೊಬ್ಬರು ದುಪ್ಪಟ್ಟ ಅಡ್ಡ ಹಿಡಿದು ಹೇಗೋ ಸುಧಾರಿಸುತ್ತಿದ್ದರು. ದೊಡ್ಡವರು ಬೆಳಗ್ಗೆಯಿಂದ ಒಂದು ಗುಟುಕು ನೀರು ಕುಡಿಯದೆ ಕೂರುತ್ತಿದ್ದರು, ಇಲ್ಲವೇ ಇಂಟರ್‌ವೆಲ್ಲಿಗೆ ಮನೆಗೆ ಹೋದವರು ತಿರುಗಿ ಬರುತ್ತಿರಲಿಲ್ಲ. ಸೌಮ್ಯ ಲೆಕ್ಕದಲ್ಲಿ ನನ್ನ ತಪ್ಪನ್ನೂ ಹಿಡಿಯುವ ಹುಡುಗಿ. ಅವಳು ಮೊದಲು ಮಧ್ಯಾಹ್ನ ಬರುವುದನ್ನು ಬಿಟ್ಟಳು, ಆಮೇಲೆ ಪೂರ್ತಿ ಬಿಟ್ಟಳು. ಈ ಹುಡುಗಿಯನ್ನು ವಾಪಸು ತರಬೇಕೆಂದರೆ ಬಾಗಿಲು ಬೇಕು. ದುಡ್ಡು ಇದೆ, ಅಧಿಕಾರ ಇದೆ, ಮೂರು ದಿನದ ಕೆಲಸ ಎಂದು ನಾನು ಸಭೆಯಲ್ಲೇ ಘೋಷಿಸಿದೆ.

ಆ ರಾತ್ರಿ ಹನ್ನೊಂದು ಪುಟಗಳನ್ನು ಓದಿದೆ. ಯಾವುದೇ ಸಾಮಗ್ರಿಗೆ ಮೂರು ಬೇರೆ ಬೇರೆ ಅಂಗಡಿಯ ಕೊಟೇಶನ್ ಬೇಕು, ಅದರಲ್ಲಿ ಕಡಿಮೆ ದರದವರಿಗೇ ಕೊಡಬೇಕು. ನಮ್ಮ ಕಡೆ ವೆಲ್ಡಿಂಗ್ ಮಾಡುವವನು ಸಿದ್ದರಾಜು ಒಬ್ಬನೇ. ಅವನಿಗೆ ಹೇಳಿದೆ. "ಅಷ್ಟೇ ತಾನೇ ಸಾ, ನಾನೇ ಮೂರೂ ತಂದ್ಕೊಡ್ತೀನಿ ಬುಡಿ" ಎಂದ. ಈ ವ್ಯವಹಾರ ಹೀಗೆಯೇ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು, ಹೀಗೆ ನಡೆಯುವುದಿಲ್ಲ ಎಂದು ಎಲ್ಲರೂ ಸಹಿ ಹಾಕುತ್ತಾರೆ. ಒಂದು ತನ್ನದು, ಇನ್ನೊಂದು ಹನೂರಿನ ಸ್ನೇಹಿತನದು, ಮತ್ತೊಂದು ಯಳಂದೂರಿನ ಬಾಮೈದ ನಂಜುಂಡನದು ಎಂದು ಮೂರು ಹಾಳೆ ತಂದ. ಬಾಗಿಲನ್ನೂ ಆಗಲೇ ಮಾಡಿ ಅಂಗಡಿಯ ಮುಂದೆ ನಿಲ್ಲಿಸಿದ್ದ. ಹಸಿರು ಬಣ್ಣ ಕೂಡ ಬಳಿದಾಗಿತ್ತು. ನಾನು ಉತ್ಸಾಹದಲ್ಲಿ ಮೂರೂ ಹಾಳೆಗೆ ಸೀಲು ಒತ್ತಿ, ಫೋನಿನಲ್ಲಿ ಫೋಟೋ ತೆಗೆದು, ಇಲಾಖೆಯ ವೆಬ್‌ಸೈಟಿಗೆ ಏರಿಸಿ, ಆಮೇಲೆ ಓದಿದೆ. ಸಿದ್ದರಾಜುವಿನ ದರವೇ ಎಲ್ಲಕ್ಕಿಂತ ಹೆಚ್ಚು. ಎಲ್ಲಕ್ಕಿಂತ ಕಡಿಮೆ ಯಳಂದೂರಿನ ನಂಜುಂಡನದು.

"ಏನಯ್ಯ ಇದು, ನಿನ್ನದು ಕಡಿಮೆ ಇರಬೇಕು ಅಂತ ಗೊತ್ತಿಲ್ವಾ?" ಎಂದು ತಲೆ ಚಚ್ಚಿಕೊಂಡೆ.

"ಗೊತ್ತದೆ ಸಾ. ಬರೀವಾಗ ಮನೆಯವ್ಳು ಪಕ್ದಲ್ಲೇ ಕುಂತಿದ್ಲು. ನನ್ ತಮ್ಮುನ್ ಅಂಗಡಿ ದುಬಾರಿ ಅಂತ ಸರ್ಕಾರದ್ ಕಾಗ್ದದಲ್ಲಿ ಬರ್ದು ಅವ್ನ್ ಮಾನ ಕಳೀತೀಯಾ ಅಂದ್ಲು. ನಾನೇನ್ ಮಾಡ್ಲಿ? ಅವ್ನೇ ಸಸ್ತಾ ಅಂತ ಬರ್ದ್ಬುಟ್ಟೆ."

ಏರಿಸಿದ್ದನ್ನು ಇಳಿಸಲು ಆ ವೆಬ್‌ಸೈಟಿನಲ್ಲಿ ದಾರಿಯೇ ಇರಲಿಲ್ಲ. ಹೀಗಾಗಿ ರಾಮಾಪುರದ ಕಡೆ ತಯಾರಾಗಿ ನಿಂತಿದ್ದ ಬಾಗಿಲನ್ನು ಯಳಂದೂರಿನಿಂದ ಕೊಳ್ಳಬೇಕಾಯಿತು. ಕಾಗದದಲ್ಲಿ ಕೊಂಡರೆ ಆಯಿತಲ್ಲ ಎಂದುಕೊಂಡೆ. ಒಂಬತ್ತನೇ ಪುಟದಲ್ಲಿ, ಸಾಮಗ್ರಿಯನ್ನು ಸರಬರಾಜುದಾರರ ಅಂಗಡಿಯ ಮುಂದೆ ನಿಲ್ಲಿಸಿ ಜಿಪಿಎಸ್ ಫೋಟೋ ತೆಗೆಯತಕ್ಕದ್ದು ಎಂದಿತ್ತು. ಬೇರೆಯವರಾಗಿದ್ದರೆ ಏನಾದರೂ ಉಪಾಯ ಮಾಡುತ್ತಿದ್ದರು. ನನಗೆ ಅಧಿಕಾರ ಹೊಸದು, ಭಯ ಹಳೆಯದು. ಶನಿವಾರ ಶಾಲೆ ಬಿಟ್ಟ ಮೇಲೆ ಬಾಗಿಲನ್ನು ಬಸ್ಸಿಗೆ ಹತ್ತಿಸಿದೆ.

ಬಾಗಿಲನ್ನು ಒಳಗೆ ಉದ್ದಕ್ಕೆ ನಿಲ್ಲಿಸಿದ್ದರಿಂದ ಹಿಂದಿನ ಸೀಟಿನವರಿಗೆ ನಾನು ಕಾಣುತ್ತಿರಲಿಲ್ಲ, ಅದೊಂದೇ ಸಮಾಧಾನ. ಕಂಡಕ್ಟರ್ ಬಂದು ಬಾಗಿಲಿಗೆ ಲಗೇಜು ಟಿಕೆಟ್ ತೆಗೆಯಬೇಕೆಂದ. ಸರ್ಕಾರಿ ದುಡ್ಡಿನಲ್ಲಿ ಬಾಗಿಲ ಪ್ರಯಾಣಕ್ಕೆ ಅವಕಾಶವಿಲ್ಲವಾದ್ದರಿಂದ ಅದು ನನ್ನ ಜೇಬಿನಿಂದಲೇ ಹೋಗಬೇಕಿತ್ತು. "ಹೆಂಗಸರಿಗೆ ಬಸ್ಸು ಫ್ರೀ ಅಲ್ಲವೇನಪ್ಪ? ಇದು ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು" ಎಂದೆ. ಅವನು ನಗಲಿಲ್ಲ. "ಆಗ್ಲಿ ಸಾ, ಬಾಗ್ಲುದ್ದು ಆಧಾರ್ ಕಾರ್ಡ್ ತೋರ್ಸಿ" ಎಂದ. ಟಿಕೆಟ್ ತೆಗೆದುಕೊಂಡೆ. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸುವಾಗ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಸಿಕ್ಕಿ, ಮನೆ ಕಟ್ಟಿಸ್ತಾ ಇದ್ದೀರಾ ಸಾ ಎಂದು ಸಂತೋಷಪಟ್ಟರು.

ಯಳಂದೂರಿನಲ್ಲಿ ನಂಜುಂಡನ ಅಂಗಡಿಗೆ ಬೀಗ. ಹೊರಗಿನ ಬೋರ್ಡು ವೆಲ್ಡಿಂಗಿನದೇ. ಒಳಗೆ ಅವನು ವೆಲ್ಡಿಂಗ್ ಬಿಟ್ಟು ಮೊಟ್ಟೆ ವ್ಯಾಪಾರ ಶುರುಮಾಡಿ ಎರಡು ವರ್ಷವಾಗಿದೆಯೆಂದು ಪಕ್ಕದ ಟೀ ಅಂಗಡಿಯವರು ತಿಳಿಸಿದರು. ಹೆಂಡತಿಯ ಊರಿಗೆ ಹೋಗಿದ್ದನಂತೆ. ಬಾಗಿಲನ್ನು ಟೀ ಅಂಗಡಿಯಲ್ಲೇ ಬಿಟ್ಟು ಬಂದೆ. ಆ ವಾರವಿಡೀ ಸೌಮ್ಯಳ ಜಾಗ ಖಾಲಿ ಇತ್ತು. ಹಾಜರಿ ಕೂಗುವಾಗ ಅವಳ ಹೆಸರಿನ ಹತ್ತಿರ ಬಂದರೆ ನನ್ನ ದನಿ ತಾನಾಗಿ ಇಳಿಯುತ್ತಿತ್ತು. ಮಹದೇವಮ್ಮ ದಾರಿಯಲ್ಲಿ ಸಿಕ್ಕಿ, "ಬಾಗ್ಲು ಏನಾಯ್ತು ಸಾ?" ಎಂದರು. ಯಳಂದೂರಿನಲ್ಲಿದೆ ಎಂದೆ. ಅವರು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂಲಿಗೆ ನಡೆದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮುಂದಿನ ಶನಿವಾರ ಮತ್ತೆ ಹೋದೆ. ನಂಜುಂಡ ಮೊಟ್ಟೆಯ ಟ್ರೇಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ತಾನು ಜನ್ಮದಲ್ಲಿ ನೋಡಿರದ ಬಾಗಿಲಿನ ಪಕ್ಕದಲ್ಲಿ ಮದುವೆ ಗಂಡಿನಂತೆ ನಿಂತ. ಫೋಟೋದಲ್ಲಿ ಅಂಗಡಿ, ದಿನಾಂಕ, ಅಕ್ಷಾಂಶ, ರೇಖಾಂಶ ಎಲ್ಲ ಸೊಗಸಾಗಿ ಬಂದವು. ಬಾಗಿಲನ್ನು ಹೊತ್ತು ಮನೆಗೆ ಬಂದಾಗ ಹೆಂಡತಿ ಒಳಗಿನ ಕೋಣೆಯಲ್ಲಿ ಜಾಗ ಮಾಡಿಕೊಟ್ಟಳು. ಸೋಮವಾರ ಮೊದಲ ಬಸ್ಸಿಗೆ ಅದನ್ನು ಹತ್ತಿಸಿಕೊಂಡು, ಯುದ್ಧ ಗೆದ್ದವನ ಹಾಗೆ ಶಾಲೆಗೆ ಬಂದೆ.

ತರಗತಿಯಲ್ಲಿ ಸೌಮ್ಯ ಕೂತಿದ್ದಳು. ಬಾಟಲಿ ಎತ್ತಿ ಗಟಗಟನೆ ನೀರು ಕುಡಿಯುತ್ತಿದ್ದಳು. ಇದೇನು, ಬಾಗಿಲು ಬರುತ್ತದೆಂದು ಸುದ್ದಿ ಹೋಗಿತ್ತೇ ಎಂದುಕೊಂಡು ಹಿತ್ತಲಿಗೆ ಹೋಗಿ ನೋಡಿದರೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಂದು ಬಾಗಿಲು ಕೂತಾಗಿದೆ! ಹಳೆಯ ಬೇವಿನ ಮರದ ಬಾಗಿಲು, ಒಳಗಿನಿಂದ ಗಟ್ಟಿ ಅಗುಳಿ. ಮಹದೇವಮ್ಮ ತಮ್ಮ ಕೊಟ್ಟಿಗೆಯ ಬಾಗಿಲು ಬಿಚ್ಚಿ ತಂದಿದ್ದರು. ಇನ್ನಿಬ್ಬರು ತಾಯಂದಿರು ಹೊತ್ತು ತಂದರು. ಕೀಲು ಕೂರಿಸಿದವನು ಸಿದ್ದರಾಜು, ಒಂದು ಲೋಟ ಮಜ್ಜಿಗೆ ಕುಡಿದು ಹೋದನಂತೆ. ಭಾನುವಾರ ಬೆಳಗ್ಗೆ ಶುರುಮಾಡಿ ಊಟದ ಹೊತ್ತಿಗೆ ಮುಗಿಸಿದ್ದರು.

ಆಗ ನಾನೇನು ಮಾಡಬೇಕಿತ್ತು? ಕೈ ಮುಗಿಯಬೇಕಿತ್ತು. ಇಪ್ಪತ್ತೆರಡು ವರ್ಷ ಮೇಜು ಕುಟ್ಟಿ ನಾನು ಕೇಳಿದ್ದು ಇದನ್ನೇ ತಾನೇ? ಆದರೆ ಮಹದೇವಮ್ಮನವರನ್ನು ಕರೆಸಿ ನಾನು ಆಡಿದ ಮೊದಲ ಮಾತು, "ಯಾರನ್ನ ಕೇಳಿ ಹಾಕಿದ್ರಿ?" ಎಂದು.

"ಯಾರ್ನ ಕೇಳ್ಬೇಕಿತ್ತು ಸಾ? ಅಧ್ಯಕ್ಷೆ ನಾನೇ ಅಲ್ವಾ?" ಎಂದರು ಅವರು. ಕೊಂಕೇನೂ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು.

ಹಸಿರು ಬಾಗಿಲನ್ನು ಅಳವಡಿಸಿದ ಫೋಟೋ ಒಂದನ್ನೂ ನಿಯಮದಂತೆ ಏರಿಸಬೇಕಲ್ಲ, ಒಂದು ದಿನದ ಮಟ್ಟಿಗೆ ಅದನ್ನು ತೆಗೆದು ಇದನ್ನು ಹಾಕೋಣವೇ ಎಂದು ಮೆಲ್ಲಗೆ ಕೇಳಿದೆ.

"ತಗೀರಿ ಸಾ, ನಂದೇನು? ಆಮ್ಯಾಕೆ ಸೌಮ್ಯನ್ನ ಕರ್ಕಬರಕೆ ನೀವೇ ಮನೆತಕ್ಕೆ ಬನ್ನಿ, ಅಷ್ಟೇಯ."

ನಾನು ಆ ಬಾಗಿಲನ್ನು ಮುಟ್ಟಲಿಲ್ಲ. ಹಸಿರು ಬಾಗಿಲು ಈಗ ಶಾಲೆಯ ನನ್ನ ಕೋಣೆಯಲ್ಲಿ, ಕುರ್ಚಿಯ ಹಿಂದೆ ಗೋಡೆಗೆ ಒರಗಿದೆ. ಉಗ್ರಾಣದ ಬಾಗಿಲು ಗೆದ್ದಲು ತಿಂದು ಹೋಗಿದೆ, ಅಲ್ಲಿಗೆ ಇದು ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಹಾಕಿಬಿಡಿ ಎಂದು ಮಹದೇವಮ್ಮ ಎರಡು ಸಲ ಹೇಳಿಯೂ ಆಯಿತು. ಹಾಗೆ ತೀರ್ಮಾನಿಸುವ ಪೂರ್ಣ ಅಧಿಕಾರ ಶಾಲಾ ಹಂತದಲ್ಲೇ ಇದೆ ಎಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಅದನ್ನು ಮೂರು ಸಲ ಓದಿ, ಖಾತ್ರಿ ಮಾಡಿಕೊಂಡು, ಅಪ್ಪಣೆ ಕೋರಿ ಮೇಲಿನ ಕಚೇರಿಗೆ ಪತ್ರ ಬರೆದಿದ್ದೇನೆ.